ಬೆಳ್ಳಿ ಗೌನು ತೊಟ್ಟವಳು

ಇಸ್ತ್ರಿಯ ಬಟ್ಟೆಗೆ ಹಿಂದಿನ ಸಂಜೆಯೇ ನೀರು ಚಿಮುಕಿಸಿ, ಸುರುಳಿ ಸುತ್ತಿ, ಬುಟ್ಟಿಯಲ್ಲಿಟ್ಟು ಮೇಲೊಂದು ಒದ್ದೆ ಟವೆಲು ಹೊದಿಸಿದ್ದರೆ ಬೆಳಗಿನ ಕೆಲಸ ಅರ್ಧ ಮುಗಿದ ಹಾಗೆ. ಆ ಶನಿವಾರ ಎರ್ಸಿಲಿಯಾ ಮೊದಲ ಸುರುಳಿ ಬಿಚ್ಚಿ, ಯಾರದೋ ಗಂಡನ ಅಂಗಿಯ ಕಾಲರನ್ನು ಮೇಜಿನ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಿದ್ದಳು. ಮೈಮೇಲೆ ಎಂದಿನ ನಿಲುವಂಗಿ. ಹೂವು ಯಾವುದು, ಎಲೆ ಯಾವುದು ಎಂದು ತಿಳಿಯದಷ್ಟು ಮಾಸಿದ್ದು. ಮುಂದೆ ಗುಂಡಿ, ಎರಡು ದೊಡ್ಡ ಜೇಬು. ಕಾಲಲ್ಲಿ ಬಟ್ಟೆಯ ಚಪ್ಪಲಿ. ಹೊರಗಿನಿಂದ ಬಂದು ಬೀದಿಯ ಬಟ್ಟೆ ಕಳಚಿ ಇದರೊಳಗೆ ತೂರಿಕೊಂಡರೆ ಮೈ ಮತ್ತೆ ತನ್ನದಾಯಿತು ಅನ್ನಿಸುತ್ತಿತ್ತು ಅವಳಿಗೆ. ಆ ಕಟ್ಟಡದ ಹೆಂಗಸರೆಲ್ಲ ಹಾಗೆಯೇ. ಮನೆಯೊಳಗೆ ನಿಲುವಂಗಿ, ಬೀದಿಗೆ ಇಳಿಯುವಾಗ ಮಾತ್ರ, ಎದುರಿನ ಅಂಗಡಿಯಿಂದ ಉಪ್ಪು ತರುವುದಕ್ಕಾದರೂ, ಒಳ್ಳೆಯ ಷೂ, ಕೋಟು, ತುಟಿಗೆ ಬಣ್ಣ. ಇಲ್ಲವಾದರೆ ಏನೆಂದುಕೊಂಡಾರು?

ಮಗಳು ನೋರಿನಾ ಶಾಲೆಯ ಬಿಳಿ ಮೇಲಂಗಿ ಹಾಕಿಕೊಂಡು, ಕತ್ತಿನ ನೀಲಿ ಬೋ ಬಟ್ಟಲಿಗೆ ತಾಗದಂತೆ ಒಂದು ಕೈಯಲ್ಲಿ ಹಿಡಿದು, ಹಾಲಿನಲ್ಲಿ ಬ್ರೆಡ್ಡು ಅದ್ದುತ್ತಿದ್ದಳು. ಅಷ್ಟರಲ್ಲಿ ಅಂಗಳದಿಂದ ಕೂಗು ಬಂತು.

"ಲೇ ಎರ್ಸಿಲಿಯಾ! ಕಿಟಕಿಗೆ ಬಾರೇ! ಬಂತು ಕಣೇ!"

ಕೆಳಗಿನ ಮನೆಯ ಅದಲ್ಜೀಸಾ. ಅವಳಿಗೆ ಮೆಟ್ಟಿಲು ಹತ್ತಿ ಬಂದು ಹೇಳುವ ಅಭ್ಯಾಸವೇ ಇರಲಿಲ್ಲ. ಹೇಳಿದ್ದು ಎಲ್ಲರಿಗೂ ಒಂದೇ ಸಲ ಕೇಳಬೇಕು.

"ಏನು ಬಂತು ಸೋರಾ ಅದಲ್ಜೀಸಾ? ನೀರು ಬಂತಾ?" ಎಂದಳು ಎರ್ಸಿಲಿಯಾ ಕಿಟಕಿಯಿಂದ ಬಾಗಿ. ಆ ಬಡಾವಣೆಯಲ್ಲಿ ಹೆಂಗಸರಿಗೆ 'ಸೋರಾ' ಎಂದರೆ ಅಕ್ಕಾ ಅಂದ ಹಾಗೆ.

"ನೀರಲ್ಲ, ನಿನ್ನ ಸಿನಿಮಾ! ನಾಳೆಯಿಂದ ಅವ್ರೋರಾ ಟಾಕೀಸಿನಲ್ಲಿ. ಈಗ ತಾನೆ ಪೋಸ್ಟರ್ ಅಂಟಿಸ್ತಾ ಇದ್ದ, ಕಣ್ಣಾರೆ ನೋಡ್ದೆ. ನಿನ್ನ ಮುಖ ಎಲ್ಲಾದ್ರೂ ಇದೆಯಾ ಅಂತ ಹುಡುಕಿದ್ದೇ ಹುಡುಕಿದ್ದು. ಆ ನಾಯಕಿ ಮೂಗೇ ಇಡೀ ಗೋಡೆ ತುಂಬ್ಕೊಂಡಿದೆ!"

"ಸದ್ಯ, ನಿನ್ನ ಮೂಗು ಅಂಟಿಸಲಿಲ್ಲವಲ್ಲ, ಪಕ್ಕದ ಗೋಡೆನೂ ಬೇಕಾಗ್ತಿತ್ತು," ಎಂದು ಮೂರನೆಯ ಅಂತಸ್ತಿನಿಂದ ಯಾರೋ ಗಂಡಸು ಕೂಗಿದ. ಅಂಗಳವೆಲ್ಲ ನಕ್ಕಿತು.

"ನಗಿ, ನಗಿ. ನಾಳೆ ಮಧ್ಯಾಹ್ನದ ಆಟಕ್ಕೆ ಎಲ್ಲಾರೂ ಹೋಗೋದೇ. ಎರ್ಸಿಲಿಯಾ, ನೀನು ಮುಂದಿನ ಸಾಲು. ಈ ಹರಕಲು ನಿಲುವಂಗಿ ಹಾಕ್ಕೊಂಡು ಬಂದೀಯ ಮತ್ತೆ!"

ಎರ್ಸಿಲಿಯಾ ನಗುತ್ತ ಕೈಬೀಸಿ ಒಳಗೆ ಬಂದಳು. ಬಂದ ಮೇಲೆ ಆ ನಗುವನ್ನು ಮುಖದಿಂದ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ವರ್ಷದಿಂದ ಈ ದಿನಕ್ಕೆ ಹೆದರಿದ್ದಳು. ನಗರದ ನಡುವಿನ ದೊಡ್ಡ ಟಾಕೀಸುಗಳಲ್ಲಿ ಸಿನಿಮಾ ಓಡಿ ಮುಗಿದು, ಸವೆದು, ಗೀರು ಬಿದ್ದ ಮೇಲೆ ತುಸ್ಕೊಲಾನಾ ರಸ್ತೆಯ ಇತ್ತಲಿನ ಬಡಾವಣೆಗಳಿಗೆ ಬರುತ್ತದೆ. ಬರದೇ ಇರುವುದಿಲ್ಲ.

ನೋರಿನಾ ಬಟ್ಟಲಿನಿಂದ ತಲೆಯೆತ್ತಲಿಲ್ಲ.

"ಅಮ್ಮಾ, ಅದರಲ್ಲಿ ಆ ಗೌನು ಕಾಣುತ್ತಾ?"

"ಕಾಣಬಹುದು. ಗೊತ್ತಿಲ್ಲ."

"ಹೂಂ."

ಹುಡುಗಿ ಇನ್ನೂ ಏನೋ ಕೇಳಲು ಬಾಯಿ ತೆರೆದಳು. ಎರ್ಸಿಲಿಯಾ ಅಂಗಿಯ ತೋಳನ್ನು ಅಗತ್ಯಕ್ಕಿಂತ ಹೆಚ್ಚು ಸಲ ಎಳೆದು ನೇರ ಮಾಡುತ್ತ ಕಾದಳು. ನೋರಿನಾ ತೆರೆದ ಬಾಯಿಗೆ ಒಂದು ತುಂಡು ಬ್ರೆಡ್ಡು ಇಟ್ಟುಕೊಂಡು, ಚೀಲ ಹೊತ್ತು, ಶಾಲೆಗೆ ಹೋದಳು.

ಒಂದು ವರ್ಷದಿಂದ ಹೀಗೆಯೇ. ಮಗಳು ಆ ಮಾತಿನ ಸುತ್ತ ಸುತ್ತುತ್ತಾಳೆ, ಒಳಗೆ ಬರುವುದಿಲ್ಲ. "ಅಮ್ಮಾ, ಫ್ರಿಯುಲಿಗೆ ರೈಲಲ್ಲಿ ಹೋದ್ರೆ ಎಷ್ಟು ದೂರ?" "ಅಮ್ಮಾ, ಅಲ್ಲಿ ತುಂಬ ಚಳಿನಾ?" "ಅಮ್ಮಾ, ಕೆಲಸ ಹೋದವರಿಗೆ ಊಟ ಯಾರು ಹಾಕ್ತಾರೆ?" ಎರ್ಸಿಲಿಯಾ ತಾಳ್ಮೆಯಿಂದ ಒಂದೊಂದಕ್ಕೂ ಉತ್ತರ ಹೇಳಿದ್ದಳು: ದೂರ, ಚಳಿ, ಅವರವರ ಅಮ್ಮಂದಿರು. ಎಲ್ಲವೂ ನಿಜವಾದ ಉತ್ತರಗಳೇ. ಹೇಳಿದ ಮೇಲೆ ಮಾತ್ರ ಮುಖ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

*

ಟ್ರಾಮು ಹೋಗಿ ನಿಲ್ಲುವ ಕಡೆ ಸ್ಟುಡಿಯೋಗಳಿದ್ದವು. ಆ ಬಡಾವಣೆಯಲ್ಲಿ ಒಂದು ದಿನವಾದರೂ ರೋಮನ್ ಸೈನಿಕನಾಗದ ಗಂಡಸು, ಸಂತೆಯ ಗುಂಪಿನಲ್ಲಿ ನಿಂತು ಕೂಗದ ಹೆಂಗಸು ಸಿಗುವುದು ಕಷ್ಟ. ಎಕ್ಸ್‌ಟ್ರಾಗಳನ್ನು ಕೂಡಿಸುತ್ತಿದ್ದವನು ಜಿಜೆತ್ತೊ. ಕಾಫಿ ಅಂಗಡಿಯ ಮೂಲೆಯಲ್ಲಿ ಕೂತು, "ನೀನು ಭಿಕ್ಷುಕ, ನೀನು ಪಾದ್ರಿ, ನೀನು ಗಡ್ಡ ಬೋಳಿಸ್ಬೇಡ" ಎಂದು ಬೆರಳು ತೋರಿಸಿ ಜನ ಆರಿಸುತ್ತಿದ್ದ. ಔತಣದ ದೃಶ್ಯ ಬಂದಾಗ ಮಾತ್ರ ಅವನ ಪ್ರಶ್ನೆ ಬೇರೆ. ಸ್ವಂತ ಕರಿ ಸೂಟು ಇರುವ ಗಂಡಸು, ಸ್ವಂತ ಔತಣದ ಗೌನು ಇರುವ ಹೆಂಗಸು ಬಂದರೆ ಕೂಲಿ ಹೆಚ್ಚು, ಕ್ಯಾಮೆರಾದ ಹತ್ತಿರ ಜಾಗ. ಇಲ್ಲದವರಿಗೆ ಸ್ಟುಡಿಯೋದ ಪೆಟ್ಟಿಗೆಯಿಂದ ನಾರುವ ಗೌನು ಕೊಟ್ಟು ಕಂಬದ ಹಿಂದೆ ನಿಲ್ಲಿಸುತ್ತಿದ್ದರು.

"ನಿನ್ ಹತ್ರ ಗೌನು ಇದೆಯೇನಮ್ಮ, ಎರ್ಸಿಲಿಯಾ?" ಎಂದು ಅವನು ಕೇಳಿದ್ದು ಹಿಂದಿನ ವಸಂತದಲ್ಲಿ. ತಮಾಷೆಗೇ ಕೇಳಿದ್ದಿರಬೇಕು.

"ಇದೆ," ಎಂದಳು ಎರ್ಸಿಲಿಯಾ.

ಇತ್ತು ಕೂಡ. ಬಾಗಿಲ ಹಿಂದೆ ಬಿಳಿ ಹಾಸಿಗೆಬಟ್ಟೆಯೊಳಗೆ ತೂಗುಹಾಕಿತ್ತು. ಅನುಕೂಲಸ್ಥರ ಬಡಾವಣೆ ಪ್ರಾತಿಯಲ್ಲಿದ್ದ ಸಿನ್ಯೋರಾ ಸವೆಲ್ಲಿಯವರದು, ಇಸ್ತ್ರಿಗೆ ಬಂದದ್ದು. ಅವರ ಮನೆಗೆಲಸದ ಹುಡುಗಿ, ದೂರದ ಫ್ರಿಯುಲಿಯಿಂದ ಬಂದಿದ್ದ ಎಲ್ದಾ, ಹಿಂದಿನ ದಿನ ಟ್ರಾಮಿನಲ್ಲಿ ಅದನ್ನು ಮಗುವಿನಂತೆ ಎರಡೂ ತೋಳಿನ ಮೇಲೆ ಹೊತ್ತು ತಂದಿದ್ದಳು. ಬೆಳ್ಳಿಬಣ್ಣದ ಸ್ಯಾಟಿನ್, ಬೆನ್ನು ಅರ್ಧದವರೆಗೆ ಖಾಲಿ, ಸೊಂಟದಿಂದ ಕೆಳಗೆ ನೀರು ಸುರಿದ ಹಾಗೆ ಇಳಿಯುತ್ತಿತ್ತು. ವಾರ ಕಳೆದು ಕೊಟ್ಟರೆ ಸಾಕು ಎಂದಿದ್ದರು.

ಯಾಕೆ ಹಾಗೆ ಹೇಳಿದೆ ಎಂದು ಅವಳು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಳು. ಕೂಲಿಯ ಆಸೆ ಇತ್ತು, ಇಲ್ಲವೆನ್ನಲಾಗದು. ಆದರೆ ಅದಷ್ಟೇ ಅಲ್ಲ. ಬೇರೆಯವರು ತೊಡುವುದನ್ನು ವರ್ಷಗಟ್ಟಲೆ ತೀಡಿ ತೀಡಿ ಕಳಿಸಿದ್ದವಳು ಅವಳು. ಹುಡುಗಿಯಾಗಿದ್ದಾಗ ಟಾಕೀಸಿನಿಂದ ಬಂದು ಕನ್ನಡಿಯ ಮುಂದೆ, ತೆರೆಯ ಮೇಲಿನ ಹೆಂಗಸರ ಹಾಗೆ ಗಲ್ಲ ಎತ್ತಿ, ಭುಜದ ಮೇಲಿಂದ ಹಿಂದಕ್ಕೆ ನೋಡುವುದನ್ನು ಕಲಿತಿದ್ದಳು. ಆ ನೋಟವನ್ನು ಯಾರೂ ನೋಡಿರಲಿಲ್ಲ. ಮೂವತ್ತು ದಾಟಿದ ಮೇಲೆ ತಾನೂ ಮರೆತೆ ಅಂದುಕೊಂಡಿದ್ದಳು.

ನಸುಕಿನಲ್ಲಿ ಗಂಡ ರೇಮೊ ಟ್ರಾಮು ಓಡಿಸಲು ಹೊರಟುಹೋದ ಮೇಲೆ ಗೌನು ತೊಟ್ಟಳು. ಬೆನ್ನಿನ ಹುಕ್ಕುಗಳು ಕೈಗೆ ಎಟುಕಲಿಲ್ಲ. ನಿದ್ದೆಗಣ್ಣಿನ ನೋರಿನಾ ಕುರ್ಚಿಯ ಮೇಲೆ ನಿಂತು ಒಂದೊಂದಾಗಿ ಹಾಕಿದಳು.

"ಅಮ್ಮಾ, ನೀನು ಅಮ್ಮನ ಹಾಗೇ ಇಲ್ಲ," ಎಂದಳು ಹುಡುಗಿ, ಪಿಸುಗುಟ್ಟುತ್ತ.

"ಯಾರಿಗೂ ಹೇಳಬೇಡ ಪುಟ್ಟಾ. ಸಂಜೆ ಒಳಗೆ ಬಿಚ್ಚಿಡ್ತೀನಿ."

ಗೌನಿನ ಮೇಲೆ ಮಳೆಕೋಟು ಹಾಕಿಕೊಂಡು, ಅಂಚು ಎತ್ತಿ ಕಟ್ಟಿ, ಅವಳು ಹೋದಳು. ಇಡೀ ದಿನ ದೀಪಗಳ ಕೆಳಗೆ, ಒಂದು ಸುಳ್ಳು ಅರಮನೆಯ ಮೆಟ್ಟಿಲ ಬುಡದಲ್ಲಿ ನಿಂತಳು. ಮೇಕಪ್ಪಿನವಳು ಕತ್ತಿಗೆ, ಬೆನ್ನಿಗೆ ದಪ್ಪಗೆ ಬಣ್ಣ ಬಳಿದಳು. ಮಣಿಕಟ್ಟಿನ ಸುಟ್ಟ ಕಲೆಗಳನ್ನು ಮುಚ್ಚಲು ಉದ್ದನೆಯ ಕೈಗವಸು ತೊಡಿಸಿದಳು. ನಿರ್ದೇಶಕನ ಸಹಾಯಕ ಬಂದು, "ನೀವು ಮೇಡಂ, ಹೌದು ನೀವೇ, ಸ್ವಲ್ಪ ತಿರುಗಿ ಭುಜದ ಮೇಲಿಂದ ನೋಡಿ," ಎಂದ. ಮೇಡಂ! ಅವಳು ನೋಡಿದಳು. "ಭೇಷ್!" ಎಂದ. ಪಕ್ಕದಲ್ಲಿದ್ದವನು ಅವಳ ಕಿವಿಯ ಹತ್ತಿರವೇ ಸಿಗರೇಟು ಸೇದುತ್ತಿದ್ದ, ಸೇದಬೇಕೆಂದೇ ಅವನಿಗೆ ಹೇಳಿದ್ದರು. ಆ ಹೊಗೆಯೂ ಅವತ್ತು ಅವಳಿಗೆ ಹಿತವಾಗಿತ್ತು.

ಮನೆಗೆ ಬಂದು ಬಿಚ್ಚಿದಾಗ ಕತ್ತಿನ ಒಳಪಟ್ಟಿಯಲ್ಲಿ ಮೇಕಪ್ಪಿನ ಬಣ್ಣ, ಅಂಚಿನಲ್ಲಿ ಸುಣ್ಣದ ಧೂಳು, ಎಲ್ಲೆಲ್ಲೂ ಹೊಗೆ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಉಪಯೋಗಿಸಿದಳು. ಮಹಡಿಯ ಮೇಲೆ ಗಾಳಿಗೆ ಹಾಕಿದಳು. ತನ್ನ ಮೂಗಿಗೆ ಏನೂ ಉಳಿದಿಲ್ಲ ಅನ್ನಿಸಿದ ಮೇಲೆ ಎಲ್ದಾಳ ಕೈಯಲ್ಲಿ ಕೊಟ್ಟು ಕಳಿಸಿದಳು.

ಸಿನ್ಯೋರಾರ ಮೂಗು ಇನ್ನೂ ಚುರುಕಾಗಿತ್ತು.

ನಾಲ್ಕಾರು ದಿನಕ್ಕೆ ಎಲ್ದಾ ಬಂದಳು. ಬಟ್ಟೆಯ ಗಂಟಿರಲಿಲ್ಲ, ರಟ್ಟಿನ ಪೆಟ್ಟಿಗೆಯಿತ್ತು. ಅತ್ತು ಅತ್ತು ಕಣ್ಣು ಊದಿತ್ತು. ಗುರುವಾರ ಮಧ್ಯಾಹ್ನದ ರಜೆಗೆ ತಮ್ಮ ಗೌನು ಹಾಕಿಕೊಂಡು ಕುಣಿಯಲು ಹೋಗಿದ್ದಾಳೆ, ಯಾರೋ ಸಿಪಾಯಿಯ ಜೊತೆ, ಎಂದು ಸಿನ್ಯೋರಾ ಹೊರಗೆ ಹಾಕಿದ್ದರು. ಇನ್ನೊಂದು ಮನೆಗೆ ಒಳ್ಳೆಯ ಮಾತು ಹೇಳಿ ಕಳಿಸುವುದಿಲ್ಲ ಎಂದೂ ಹೇಳಿದ್ದರಂತೆ. ಹಾಗಾದ ಮೇಲೆ ರೋಮಿನಲ್ಲಿ ಅವಳಿಗೆ ಕೆಲಸ ಕೊಡುವವರು ಯಾರು?

"ಸೋರಾ ಎರ್ಸಿಲಿಯಾ, ನೀವಾದ್ರೂ ಒಂದು ಮಾತು ಹೇಳಿ," ಎಂದಳು ಬಾಗಿಲಲ್ಲೇ ನಿಂತು. "ಸೀದಾ ನಿಮ್ಮ ಹತ್ರ ತಂದೆ, ಸೀದಾ ಮನೆಗೆ ಒಯ್ದೆ. ನಾನು ಅದನ್ನ ಮೈಗೆ ಹಿಡಿದುಕೊಂಡು ಕೂಡ ನೋಡಿಲ್ಲ, ನಮ್ಮಮ್ಮನಾಣೆ. ನೀವು ಹೇಳಿದ್ರೆ ನಂಬ್ತಾರೆ. ಊರಿನ ರೈಲು ಸಂಜೆಗಿದೆ. ಅಷ್ಟರೊಳಗೆ ಹೋಗಿ ಹೇಳ್ತೀರಾ?"

ಆ ಹುಡುಗಿಗೆ ಎರ್ಸಿಲಿಯಾಳ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ಅವಳನ್ನು ಇರಿದದ್ದು.

"ಹೇಳ್ತೀನಿ," ಎಂದಳು ಎರ್ಸಿಲಿಯಾ. "ಈಗಲೇ ಹೋಗ್ತೀನಿ. ಅಳಬೇಡ."

ನೋರಿನಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳುತ್ತಿದ್ದಳು. ಎಲ್ದಾ ಬಗ್ಗಿ ಅವಳ ಕೆನ್ನೆಗೆ ಮುತ್ತಿಟ್ಟು, ಜೇಬಿನಲ್ಲಿದ್ದ ಕೊನೆಯ ಸೋಂಪಿನ ಮಿಠಾಯಿ ಅವಳ ಕೈಯಲ್ಲಿಟ್ಟು ಹೋದಳು.

ಎರ್ಸಿಲಿಯಾ ಹೋದದ್ದಂತೂ ನಿಜ. ಒಳ್ಳೆಯ ಕೋಟು ಹಾಕಿಕೊಂಡು, ಪ್ರಾತಿಗೆ ಹೋಗಿ, ಆಳುಗಳ ಮೆಟ್ಟಿಲು ಹತ್ತಿ, ಅಡುಗೆಮನೆಯಲ್ಲಿ ನಿಂತಳು. ಅವಸರದಲ್ಲಿ ಕಾಲಿನ ಬಟ್ಟೆಚಪ್ಪಲಿ ಬದಲಾಯಿಸಲು ಮರೆತಿದ್ದಳು. ಅದು ಗೊತ್ತಾದದ್ದು ಸಿನ್ಯೋರಾ ಒಳಗೆ ಬಂದು ಅವಳ ಕಾಲಿನತ್ತ ನೋಡಿದಾಗ.

"ಅಯ್ಯೋ ಎರ್ಸಿಲಿಯಾ, ಹೀಗೇ ಓಡಿ ಬಂದ್ಯಾ? ಗೌನಿನ ವಿಷಯ ತಾನೇ? ನೀನು ಹೆದರಬೇಡ. ನಿನ್ನ ಮೇಲೆ ಅನುಮಾನ ಪಡ್ತೀನಾ ನಾನು?" ಸಿನ್ಯೋರಾ ಅಕ್ಕರೆಯಿಂದಲೇ ನಕ್ಕರು. "ಪಾಪ, ನೀನು ಆ ಗೌನು ಇಟ್ಟುಕೊಂಡು ಏನು ಮಾಡ್ತೀಯ ಹೇಳು? ಈ ಚಪ್ಪಲಿ ಮೇಲೆ ಹಾಕ್ಕೊಳ್ತೀಯಾ?"

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಟ್ರಾಮಿನಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಕೊಂಡು ಬಂದಿದ್ದಳು: ನಾನು ಸಿನ್ಯೋರಾ, ತೊಟ್ಟವಳು ನಾನು. ಆದರೆ ಸಿನ್ಯೋರಾ ನಕ್ಕಾಗ ಅವಳೂ ನಕ್ಕಳು. ತನ್ನ ಕಾಲನ್ನು ತಾನೇ ನೋಡಿಕೊಂಡು ನಕ್ಕಳು. ಆ ಮಹಡಿಯ ಮನೆಗಳ ಬಟ್ಟೆಯೆಲ್ಲ ಸಿನ್ಯೋರಾ ಹೇಳಿಯೇ ಅವಳ ಹತ್ತಿರ ಬರುತ್ತಿದ್ದುದು. ಒಂದು ಮಾತಿಗೆ ಎಲ್ಲ ನಿಲ್ಲುತ್ತಿತ್ತು. ಅದೂ ಇತ್ತು. ಆದರೆ ಬಾಯಿ ಕಟ್ಟಿದ್ದು ಆ ನಗುವೇ. ನಕ್ಕ ಮೇಲೆ ಹೇಳುವುದಕ್ಕೆ ದಾರಿಯೇ ಉಳಿಯಲಿಲ್ಲ. ಮನೆಗೆ ಬರುವಷ್ಟರಲ್ಲಿ ಎಲ್ದಾಳ ರೈಲಿನ ಹೊತ್ತೂ ಮೀರಿತ್ತು.

ನೋರಿನಾ ಬಾಗಿಲು ತೆಗೆದು ಅಮ್ಮನ ಮುಖ ನೋಡಿದ್ದಳು. ಎರ್ಸಿಲಿಯಾ, "ಹಸಿವಾಯ್ತಾ ಪುಟ್ಟಾ?" ಎಂದಿದ್ದಳು.

*

ಆ ಶನಿವಾರ ಅಂಗಿಗಳು ಮುಗಿದು ಮೇಜುಬಟ್ಟೆಗಳಿಗೆ ಕೈ ಹಾಕುವ ಹೊತ್ತಿಗೆ ಬೊನಾರಿಯಾ ಗಂಟು ತಂದಳು. ಎಲ್ದಾಳ ಜಾಗಕ್ಕೆ ಸಾರ್ದೀನಿಯಾದಿಂದ ಬಂದವಳು. ಕುಳ್ಳಿ, ಬಾಯಿ ಜೋರು.

"ಇಲ್ಲಿ ನಿಮ್ಮ ಅಂಗಳದಲ್ಲಿ ಏನು ಗಲಾಟೆ ಸೋರಾ ಎರ್ಸಿಲಿಯಾ? ನೀವು ಸಿನಿಮಾದಲ್ಲಿ ಇದ್ದೀರಂತೆ? ಯಾವ ಸಿನಿಮಾ, ಆ ಅರಮನೆ ಇರೋದಾ?"

ಎರ್ಸಿಲಿಯಾಳ ಕೈ ನಿಂತಿತು. "ಯಾಕೆ?"

"ನಮ್ಮ ಸಿನ್ಯೋರಾ ನೋಡಿದ್ರಲ್ಲ ಅದನ್ನ, ಚಳಿಗಾಲದಲ್ಲೇ! ಬಂದು ಊಟಕ್ಕೆ ಕೂತ್ಕೊಂಡು ಅದೇ ಮಾತು. ಅದರಲ್ಲಿ ಯಾರೋ ದೊಡ್ಡ ಮನೆತನದ ಹೆಂಗಸು, ನಮ್ಮ ಬೆಳ್ಳಿ ಗೌನಿನ ಥರಾನೇ ಹಾಕ್ಕೊಂಡಿದ್ದಾಳಂತೆ, ಬೆನ್ನು ಸಮೇತ. 'ನೋಡಿ, ನನ್ನ ದರ್ಜಿ ಎಂಥವನು, ರಾಜಮನೆತನದವರು ತೊಡೋದನ್ನೇ ಹೊಲಿದಿದ್ದಾನೆ' ಅಂತ ಎಲ್ಲಾರಿಗೂ ಹೇಳಿದ್ದೇ ಹೇಳಿದ್ದು." ಬೊನಾರಿಯಾ ಗಂಟು ಇಳಿಸಿದಳು. "ನೀವು ಅದರಲ್ಲಿ ಯಾರು? ಅಡುಗೆಯವಳಾ?"

"ಹೂಂ," ಎಂದಳು ಎರ್ಸಿಲಿಯಾ. "ಹಿಂದೆ ಎಲ್ಲೋ ನಿಂತಿದ್ದೆ."

ಬೊನಾರಿಯಾ ಹೋದ ಮೇಲೆ ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. ಒಂದು ವರ್ಷದ ಭಯ ಕಳೆಯಿತು, ಮೈ ಹಗುರಾಗಬೇಕಿತ್ತು. ಸಿನ್ಯೋರಾ ನೋಡಿದ್ದರು, ಗೌನನ್ನು ಗುರುತಿಸಿದ್ದರು, ಒಳಗಿದ್ದ ಹೆಂಗಸನ್ನು ಗುರುತಿಸಿರಲಿಲ್ಲ. ಇನ್ನು ಯಾರೂ ಅವಳನ್ನು ಹಿಡಿಯುವಂತಿರಲಿಲ್ಲ. ಅಷ್ಟಾದರೂ ಕೆನ್ನೆ ಕಿವಿಯೆಲ್ಲ ಬಿಸಿಯಾಗಿ, ಯಾರೋ ಬೀದಿಯ ನಡುವೆ ನಿಲ್ಲಿಸಿ ಬೈದ ಹಾಗಿತ್ತು. ಇನ್ನು ಇದನ್ನು ಬಲ್ಲವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ಮಧ್ಯಾಹ್ನ ಶಾಲೆ ಬಿಟ್ಟು ಹಸಿದು ಬರುತ್ತಾಳೆ. ಎದ್ದು ಸಾರಿಗೆ ನೀರಿಟ್ಟಳು.

*

ಭಾನುವಾರ ತಲೆನೋವು ಎಂದು ನೋಡಿದಳು. ರೇಮೊ ಕೇಳಬೇಕಲ್ಲ.

"ತಲೆನೋವಂತೆ! ಸಿನಿಮಾದವರಿಗೆ ಹಾಗೇನೇ, ಜನ ಕಾಯ್ಲಿ ಅಂತ," ಎಂದ ಅವನು ಟೈ ಕಟ್ಟಿಕೊಳ್ಳುತ್ತ. "ಎದ್ದೇಳೇ. ಡಿಪೋದಲ್ಲಿ ಎಲ್ಲಾರಿಗೂ ಹೇಳಿದ್ದೀನಿ. ಆ ನೀಲಿ ಉಡುಪು ಹಾಕ್ಕೋ, ಕಿವಿಗೆ ಅಮ್ಮನ ಓಲೆ ಹಾಕ್ಕೋ. ನೋರಿನಾ, ನಿಮ್ಮಮ್ಮನಿಗೆ ಹೇಳೇ!"

ನೋರಿನಾ ಕೂದಲಿಗೆ ರಿಬ್ಬನ್ ಕಟ್ಟಿಸಿಕೊಂಡು ಆಗಲೇ ಬಾಗಿಲ ಬಳಿ ನಿಂತಿದ್ದಳು.

ಅವ್ರೋರಾದೊಳಗೆ ಅರ್ಧ ಬಡಾವಣೆ ಸೇರಿತ್ತು. ನೆಲದ ಮೇಲೆ ಕುಂಬಳಬೀಜದ ಸಿಪ್ಪೆ ಕಾಲಿಗೆ ಸಿಕ್ಕಿ ಚರಚರ ಅನ್ನುತ್ತಿತ್ತು. ಅದಲ್ಜೀಸಾ ತನ್ನ ನರಿಚರ್ಮದ ಕಾಲರನ್ನು, ಅಷ್ಟು ಸೆಕೆಯಲ್ಲೂ, ಬಿಟ್ಟಿರಲಿಲ್ಲ. ಎರ್ಸಿಲಿಯಾಳನ್ನು ಸಾಲಿನ ನಡುವೆ, ರೇಮೊ ಮತ್ತು ನೋರಿನಾರ ಮಧ್ಯೆ ಕೂರಿಸಿದರು. ಹಿಂದಿನ ಸಾಲಿನಲ್ಲಿ ಜಿಜೆತ್ತೊ, ತಾನೇ ಸಿನಿಮಾ ತೆಗೆದವನ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಕಥೆ ಏನೆಂದು ಯಾರಿಗೂ ಬೇಕಿರಲಿಲ್ಲ. ನಾಯಕಿ ಅಳುವಾಗ, "ಬೇಗ ಅತ್ತು ಮುಗಿಸಮ್ಮ, ನಮ್ಮ ಎರ್ಸಿಲಿಯಾ ಬರ್ಬೇಕು!" ಎಂದು ಕೂಗಿದರು. ಯಾರೋ ಅಜ್ಜ, "ಆ ಕುದುರೆನಾ ಎರ್ಸಿಲಿಯಾ?" ಎಂದು ಕೇಳಿ ಬೈಸಿಕೊಂಡ. ಕೊನೆಗೆ ಅರಮನೆ ಬಂತು, ದೀಪಗಳು ಬಂದವು, ಸಂಗೀತ ಏರಿತು.

ನಾಯಕಿ ಮೆಟ್ಟಿಲು ಇಳಿಯುತ್ತಿದ್ದಳು. ಬುಡದಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಎತ್ತರದವಳು, ಬೆನ್ನು ಈ ಕಡೆಗೆ. ಬೆಳಕು ಆ ಗೌನಿನ ಮೇಲಿಂದ ಜಾರಿ ನೆಲಕ್ಕೆ ಹರಿಯುತ್ತಿತ್ತು. ಅವಳು ಅವಸರವೇ ಇಲ್ಲದೆ ತಿರುಗಿ, ಭುಜದ ಮೇಲಿಂದ ನೋಡಿದಳು. ಬುಟ್ಟಿ ಹೊರದ, ನೀರು ತುಂಬದ, ಯಾರ ಅಡುಗೆಮನೆಯಲ್ಲೂ ಕೈಕಟ್ಟಿ ನಿಲ್ಲದ ಹೆಂಗಸಿನ ನೋಟ. ಅವಳ ಮುಂದೆ ನಾಯಕಿಯೂ ಅರೆಗಳಿಗೆ ಮಂಕಾದಳು.

ಎರ್ಸಿಲಿಯಾಳಿಗೆ, ಎಷ್ಟು ಚೆನ್ನಾಗಿದ್ದಾಳೆ, ಅನ್ನಿಸಿತು. ಆ ಅನ್ನಿಸಿದ್ದಕ್ಕೇ ಮರುಕ್ಷಣ ನಾಚಿಕೆಯಾಯಿತು. ಬೇರೆ ಯಾವ ಹುಡುಗಿಯ ಕಣ್ಣೀರಿನ ಮೇಲೆ ನಿಂತು ಆ ಹೆಂಗಸು ಹಾಗೆ ಗಲ್ಲ ಎತ್ತಿದ್ದಳು ಎಂಬುದು ತೆರೆಯ ಮೇಲೆ ಎಲ್ಲಿಯೂ ಕಾಣುತ್ತಿರಲಿಲ್ಲ.

ಟಾಕೀಸು ಸ್ಫೋಟಿಸಿತು. ಶಿಳ್ಳೆ, ಚಪ್ಪಾಳೆ, ಕುರ್ಚಿ ಬಡಿತ. "ಇನ್ನೊಂದ್ಸಲ ಹಾಕೋ!" ಎಂದು ಪ್ರೊಜೆಕ್ಟರಿನವನಿಗೆ ಕೂಗಿದರು. ರೇಮೊ ಎದ್ದು ನಿಂತು, "ನನ್ನ ಹೆಂಡ್ತಿ ಕಣ್ರೋ!" ಎಂದು ಸುತ್ತಲೂ ತಿರುಗಿದ, ಅವನ ಕಣ್ಣಲ್ಲಿ ನೀರಿತ್ತು. ಮದುವೆಯ ದಿನವೂ ಅವನು ಅವಳನ್ನು ಹಾಗೆ ನೋಡಿರಲಿಲ್ಲ.

ನೋರಿನಾ ಚಪ್ಪಾಳೆ ತಟ್ಟಲಿಲ್ಲ. ಕತ್ತಲಲ್ಲಿ ಎರ್ಸಿಲಿಯಾ ಮಗಳ ಕೈಗಾಗಿ ತಡಕಿದಳು. ಹುಡುಗಿ ಕೈ ಕೊಟ್ಟಳು, ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಹೊರಗೆ ಬಿಸಿಲಿನಲ್ಲಿ ಎಲ್ಲರೂ ಅವಳನ್ನು ಸುತ್ತುವರಿದರು.

"ಬೆನ್ನು ಅಂದ್ರೆ ಅದು ಬೆನ್ನು!" ಎಂದಳು ಅದಲ್ಜೀಸಾ. "ಈ ಬೆನ್ನನ್ನ ಇಷ್ಟು ವರ್ಷ ಆ ನಿಲುವಂಗಿ ಒಳಗೆ ಬಚ್ಚಿಟ್ಟಿದ್ಯಲ್ಲೇ, ಕಳ್ಳಿ! ಸ್ಟುಡಿಯೋದವರ ಗೌನು ಅಷ್ಟು ಚೆನ್ನಾಗಿ ಕೂತ್ಕೊಳ್ತಲ್ಲ ನಿನಗೆ."

"ಸ್ಟುಡಿಯೋದ್ದಲ್ಲ ಸೋರಾ," ಎಂದ ಜಿಜೆತ್ತೊ. "ಸ್ವಂತದ್ದು. ಇಲ್ಲಾಂದ್ರೆ ಅಷ್ಟು ಮುಂದೆ ನಿಲ್ಲಿಸ್ತಾರಾ?"

ರೇಮೊ ನಗುತ್ತಲೇ ಇದ್ದ, ಆದರೆ ಹುಬ್ಬು ಸೇರಿತು. "ಸ್ವಂತದ್ದಾ? ಎಲ್ಲಿತ್ತೇ ಅದು?"

"ಒಬ್ಬರ ಹತ್ರ ಕೇಳಿ ತಂದಿದ್ದೆ," ಎಂದಳು ಎರ್ಸಿಲಿಯಾ. ತಕ್ಷಣ ಬಂತು ಮಾತು, ನಯವಾಗಿ, ಇಸ್ತ್ರಿ ಮಾಡಿದ ಹಾಗೆ. ಕೇಳಿ ತಂದದ್ದು! ಮಗಳು ಪಕ್ಕದಲ್ಲೇ ನಿಂತು ತನ್ನ ಷೂಗಳ ತುದಿ ನೋಡುತ್ತಿದ್ದಳು. ಆ ಸಣ್ಣ ಕತ್ತು ಕೆಂಪಾಗುವುದನ್ನು ಎರ್ಸಿಲಿಯಾ ನೋಡಿದಳು. ತನಗಾಗಿ ಮಗು ನಾಚಿತು.

"ಕೊಟ್ಟವರು ದೊಡ್ಡ ಮನಸ್ಸಿನವರು ಬಿಡು," ಎಂದಳು ಅದಲ್ಜೀಸಾ.

ರೇಮೊನನ್ನು ಗೆಳೆಯರು ಹೆಗಲ ಮೇಲೆ ಕೈ ಹಾಕಿ ವೈನ್ ಕುಡಿಯಲು ಎಳೆದುಕೊಂಡು ಹೋದರು. ತಾಯಿ ಮಗಳು ಇಬ್ಬರೇ ಮನೆಗೆ ಬಂದರು.

*

ಎರ್ಸಿಲಿಯಾ ಒಳಗೆ ಬಂದವಳೇ ಷೂ ಕಳಚಿದಳು, ಓಲೆ ತೆಗೆದಳು, ನೀಲಿ ಉಡುಪು ಬಿಚ್ಚಿ ನಿಲುವಂಗಿ ಹಾಕಿಕೊಂಡಳು. ಗುಂಡಿ ಹಾಕುತ್ತ ಹಾಕುತ್ತ, ಎಂದಿನ ಆ ಹಾಯೆನಿಸುವಿಕೆಗೆ ಕಾದಳು. ಬರಲಿಲ್ಲ. ಮಾಸಿದ ಬಟ್ಟೆ ಮೈಗೆ ಮೆತ್ತಗೇ ಇತ್ತು. ಆದರೆ ಅದರೊಳಗೆ ತಾನು ಬಚ್ಚಿಟ್ಟುಕೊಳ್ಳುತ್ತಿದ್ದೇನೆ ಅನ್ನಿಸಿತು. ಇದರೊಳಗಿದ್ದವಳನ್ನು ಯಾರೂ ಅನುಮಾನಿಸಿರಲಿಲ್ಲವಲ್ಲ.

ಅಡುಗೆಮನೆಗೆ ಬಂದಾಗ ನೋರಿನಾ ಇನ್ನೂ ಹೊರಗಿನ ಬಟ್ಟೆಯಲ್ಲೇ, ಷೂ ಕೂಡ ತೆಗೆಯದೆ, ಮೇಜಿನ ಪಕ್ಕ ನಿಂತಿದ್ದಳು.

"ಚಪ್ಪಲಿ ಹಾಕ್ಕೋ ಪುಟ್ಟಾ, ನೆಲ ಒರೆಸಿದ್ದೀನಿ."

ಹುಡುಗಿ ಅಲ್ಲಾಡಲಿಲ್ಲ.

"ಮೊಟ್ಟೆ ಮಾಡ್ಲಾ? ಬೆಳಗಿನ ಪಾಸ್ತಾ ಇದೆ, ಅದರಲ್ಲೇ ಹುರಿದುಕೊಡ್ತೀನಿ, ನಿನಗೆ ಇಷ್ಟ ಅಲ್ವಾ ಅಂಚು ಗರಿಗರಿ ಆಗಿರೋದು."

"ಹೂಂ."

ಎರ್ಸಿಲಿಯಾ ಬಾಣಲೆ ಇಟ್ಟಳು, ಎಣ್ಣೆ ಬಿಟ್ಟಳು. ಮೊಟ್ಟೆ ಒಡೆದಳು. ಬೆನ್ನ ಮೇಲೆ ಮಗಳ ಕಣ್ಣಿರುವುದು ಅವಳಿಗೆ ತಿಳಿಯುತ್ತಿತ್ತು. ಟಾಕೀಸಿನಲ್ಲಿ ಅಷ್ಟು ಜನರ ಕಣ್ಣು ಬಿದ್ದಾಗಲೂ ಇಷ್ಟು ಭಾರವಿರಲಿಲ್ಲ. ಕೇಳಿಬಿಡು ಕಂದಾ, ಅಂದುಕೊಂಡಳು. ಮರುಗಳಿಗೆಯೇ, ಇವತ್ತು ಬೇಡ, ಅಂದುಕೊಂಡಳು. ಫ್ರಿಯುಲಿಯ ಚಳಿಯ ಬಗ್ಗೆ ಕೇಳು, ರೈಲಿನ ಬಗ್ಗೆ ಕೇಳು, ಉತ್ತರ ಇದೆ.

"ಅಮ್ಮಾ."

"ಏನು ಪುಟ್ಟಾ?"

"ಸಿನಿಮಾದಲ್ಲಿ ನೀನು ತುಂಬ ಚೆನ್ನಾಗಿದ್ದೆ."

ಎರ್ಸಿಲಿಯಾ ತಿರುಗಿದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಮಗು ನಿಜವಾಗಿ ಹಾಗೆಂದುಕೊಂಡೇ ಹೇಳಿತ್ತು, ಮೊದಲು ಇದನ್ನು ಕೊಟ್ಟು ಆಮೇಲೆ ಉಳಿದದ್ದು ಎಂಬಂತೆ. ಅವಳ ಮುಖ ಬಿಳಿಚಿಕೊಂಡಿತ್ತು, ತುಟಿ ಬಿಗಿದಿತ್ತು. ತಾಯಿಯನ್ನು ನೋಯಿಸಲು ಒಂದಿಷ್ಟೂ ಇಷ್ಟವಿಲ್ಲದೆ, ಹೌದು ಎಂಬ ಉತ್ತರವೇ ಬರಲಿ ಎಂದು ಮೈಯೆಲ್ಲ ಬಿಗಿಹಿಡಿದು ನಿಂತ ಮುಖ. ಎಷ್ಟು ದಿನದಿಂದ ಈ ಮಗು ಆ 'ಹೌದ'ನ್ನು ನಂಬಿಕೊಂಡು ಬಂದಿತ್ತೋ.

ಎರ್ಸಿಲಿಯಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು, ಒಲೆ ಆರಿಸಿ, ಮಗಳ ಎದುರಿಗೆ ಬಂದು ಕುರ್ಚಿಯ ಮೇಲೆ ಕೂತಳು. ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು. ಈ ಸಲ ಅವಳು ಹಸಿವಿನ ಮಾತೆತ್ತಲಿಲ್ಲ.

"ಕೇಳು," ಎಂದಳು.

ನೋರಿನಾ ಉಸಿರೆಳೆದುಕೊಂಡಳು.

"ಎಲ್ದಾ ಊರಿಗೆ ಹೋದ ದಿನ, ಹೋಗಿ ಹೇಳ್ತೀನಿ ಅಂದಿದ್ಯಲ್ಲ ಅಮ್ಮಾ, ಹೇಳಿದ್ಯಾ?"